ಮಗಳ ಬದಲಿಗೆ ಅಪ್ಪನ ಹಾಜರಿ

ಏಳನೇ ತರಗತಿಯ ವಿದ್ಯಾರ್ಥಿನಿಯೊಬ್ಬಳು ಇಪ್ಪತ್ತಾರು ದಿನಗಳಿಂದ ಶಾಲೆಗೆ ಬಾರದಿರುವುದು ಮುಖ್ಯೋಪಾಧ್ಯಾಯರ ಗಮನಕ್ಕೆ ಬಂದಿದ್ದು, ಸದರಿ ಕಾಯಿಲೆಯ ನಿವಾರಣೆಗಾಗಿ 'ಶಾಲಾ ನಿರಾಕರಣಾ ಚಿಕಿತ್ಸಾ ಸಮಿತಿ'ಯನ್ನು ರಚಿಸಲಾಯಿತು. ಸಮಿತಿಗೆ ಒಂದು ಕೊಠಡಿ, ಎರಡು ಮೇಜು, ಒಂದು ಮೊಹರು ಮಂಜೂರಾದವು. ರೋಗಿ ಮಾತ್ರ ಮನೆಯಲ್ಲಿದ್ದಳು.

ಅವಳ ಅಪ್ಪ ಬೀಗದಂಗಡಿಯವರು. ಕೈಗೆ ಬಂದ ಬೀಗ ಎಷ್ಟೇ ಮೊಂಡಾಗಿರಲಿ, ನಾಲ್ಕು ಹನಿ ಎಣ್ಣೆಯಲ್ಲಿ ದಾರಿಗೆ ತರುತ್ತಿದ್ದರು. ಮಗಳು ಮಾತ್ರ ಬಾಯಿ ಬಿಡಲಿಲ್ಲ. ಬೆಳಿಗ್ಗೆ ಎಂಟಾದರೆ ಹೊಟ್ಟೆ ಹಿಡಿದುಕೊಂಡು ಮುದುಡಿ ಮಲಗುವಳು. ಹತ್ತೂವರೆಗೆಲ್ಲ ಅಂಗಡಿಗೆ ಬಂದು ಗುಂಡುಕಲ್ಲಿನಂತೆ ಕೂತು ಗಿರಾಕಿಗಳ ಜೊತೆ ಚೌಕಾಸಿ ಮಾಡುವಳು.

"ಇನ್ನು ನಾಲ್ಕೇ ದಿನ ಸಾರ್. ಮೂವತ್ತಾದ್ರೆ ಹೆಸರು ಹೊಡೆದುಹಾಕ್ತೀರಂತೆ. ವರ್ಷದ ನಡುವೆ ಯಾವ ಶಾಲೆಯವರು ಸೇರಿಸ್ಕೊಳ್ತಾರೆ? ಏನಾದ್ರೂ ಮಾಡಿ" ಎಂದು ಅಪ್ಪ ಸಮಿತಿಯೆದುರು ಕೈಮುಗಿದರು.

"ಮಾಡೋಕೇ ಕೂತಿದ್ದೀವಲ್ಲ. ರೋಗಿ ದಿನಾ ತಪ್ಪದೆ ತರಗತಿಗೆ ಬಂದ್ರೆ ಚಿಕಿತ್ಸೆ ಶುರು" ಎಂದರು ಮುಖ್ಯೋಪಾಧ್ಯಾಯರು.

"ಬರೋಲ್ಲ ಅನ್ನೋದೇ ಅಲ್ವಾ ಕಾಯಿಲೆ?"

"ಅದಕ್ಕೂ ವ್ಯವಸ್ಥೆ ಇದೆ. ನಿಯಮ ಹನ್ನೊಂದು: ರೋಗಿ ಬರಲಾಗದಿದ್ದಲ್ಲಿ ರಕ್ತಸಂಬಂಧಿಯೊಬ್ಬರು ಬದಲಿಯಾಗಿ ಕೂರತಕ್ಕದ್ದು."

ಮರುದಿನ ಅಪ್ಪ ಅಂಗಡಿಗೆ ಬಾಗಿಲು ಹಾಕಿ, ಮೂರನೇ ಬೆಂಚಿನಲ್ಲಿ ಮಂಡಿ ಗದ್ದಕ್ಕೆ ತಾಗುವಂತೆ ಕೂತರು. ಲೆಕ್ಕದ ಮೇಷ್ಟ್ರು ಅವರನ್ನೇ ಎಬ್ಬಿಸಿದರು.

"ಹದಿನೇಳೆಂಟ್ಲ ಎಷ್ಟು?"

"ನೂರ ಮೂವತ್ತಾರು."

"ಹೇಗೆ ಬಂತು? ಹಂತ ಎಲ್ಲಿ?"

"ಬಾಯಿಗೇ ಬಂತು ಸಾರ್."

ಮೇಷ್ಟ್ರು ಇಲ್ಲವೆಂದು ತಲೆಯಾಡಿಸಿದ್ದೇ ತಡ, ಮಕ್ಕಳೆಲ್ಲ ಬೆಂಚು ಬಡಿಯುತ್ತ "ತಪ್ಪು! ತಪ್ಪು! ತಪ್ಪು!" ಎಂದು ಒಕ್ಕೊರಲಿನಿಂದ ಕೂಗಿದರು. ಇದು ಶಾಲೆಯ ಪ್ರೋತ್ಸಾಹ ಯೋಜನೆ. ತಪ್ಪಿದವರಿಗೆ ಹುರುಪು ಬರಲೆಂದು ಜಾರಿಗೆ ತಂದದ್ದು. ಇದಕ್ಕೆ ಪ್ರಶಸ್ತಿಯೂ ಬಂದಿತ್ತು.

ಮಾರನೆಯ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಅಪ್ಪನಿಗೆ ಹೊಟ್ಟೆನೋವು ಬಂತು.

"ಏನ್ರೀ ಇದು, ಅವಳನ್ನ ಏಳಿಸಿ ಅಂದ್ರೆ ನೀವೂ ಮಲಗಿಬಿಟ್ರಾ!" ಎಂದು ಹೆಂಡತಿ ಸೌಟು ಹಿಡಿದೇ ಬಂದರು.

ಪಕ್ಕದ ಮಂಚದಿಂದ ಮಗಳು ಮೆಲ್ಲಗೆ ಕೇಳಿದಳು: "ಅಪ್ಪಾ, ಬೆಂಚು ಬಡಿದ್ರಾ?"

"ಬಡಿದ್ರು ಕಣಮ್ಮ."

"ನಾನೂ ಸರಿಯಾಗೇ ಹೇಳಿದ್ದೆ."

ಅಪ್ಪ ಧಡಕ್ಕನೆ ಎದ್ದು ಸಮಿತಿಗೆ ಓಡಿದರು. "ಕಾರಣ ಸಿಕ್ತು ಸಾರ್! ಆ ಬೆಂಚು ಬಡಿಯೋದು ನಿಲ್ಲಿಸಿ, ಸಾಕು."

ಮುಖ್ಯೋಪಾಧ್ಯಾಯರು ನಮೂನೆಯನ್ನು ಹಿಂದೆ ಮುಂದೆ ತಿರುಗಿಸಿದರು. "ಇದರಲ್ಲಿ ಕಾರಣಕ್ಕೆ ಜಾಗವೇ ಇಲ್ಲ. ಲಕ್ಷಣಕ್ಕೆ ಇದೆ. ಹೊಟ್ಟೆನೋವು ಎಷ್ಟು ಹೊತ್ತಿಗೆ ಬಂತು ಅಂದ್ರಿ?"

"ಎಂಟಕ್ಕೆ."

ಮೊಹರು ಬಿತ್ತು. ಅಪ್ಪನೂ ರೋಗಿ ಎಂದು ಘೋಷಿಸಲಾಯಿತು. ಒಂದು ಬೆಂಚಿಗೆ ಇಬ್ಬರು ರೋಗಿಗಳು ಸಲ್ಲದಾದ್ದರಿಂದ ಹಾಜರಿ ಪುಸ್ತಕದಲ್ಲಿ ಮಗಳ ಹೆಸರಿನ ಜಾಗಕ್ಕೆ ಅಪ್ಪನ ಹೆಸರು ಏರಿತು. ಜೊತೆಗೆ ಸುತ್ತೋಲೆಯೂ ಹೊರಟಿತು: 'ಬದಲಿ ಬಂದವರೂ ಕಾಯಿಲೆ ಬೀಳುತ್ತಿರುವುದರಿಂದ, ಇನ್ನು ಮುಂದೆ ಬದಲಿಯವರಿಗೆ ಪ್ರಶ್ನೆ ಕೇಳತಕ್ಕದ್ದಲ್ಲ, ಯಾವುದೇ ರೀತಿಯಲ್ಲಿ ಪ್ರೋತ್ಸಾಹಿಸತಕ್ಕದ್ದಲ್ಲ, ಅವರೂ ಯಾರನ್ನೂ ಪ್ರೋತ್ಸಾಹಿಸತಕ್ಕದ್ದಲ್ಲ.'

ಅಪ್ಪ ಅದನ್ನು ಎರಡು ಸಲ ಓದಿದರು. ವ್ಯಾಪಾರಸ್ಥರ ಕಣ್ಣು.

"ಸಾರ್, ನನ್ನ ಬದಲಿಗೆ ಮಗಳು ಬರಬಹುದಾ?"

ಮುಖ್ಯೋಪಾಧ್ಯಾಯರು ನಿಯಮಗಳನ್ನೆಲ್ಲ ತಡಕಾಡಿದರು. "ನಿಷೇಧವೇನೂ ಕಾಣಿಸ್ತಿಲ್ಲ."

ಮರುದಿನ ಹುಡುಗಿ ಎಂಟಕ್ಕೆ ಎದ್ದು ತಾನೇ ಜಡೆ ಹಾಕಿಕೊಂಡಳು. ಹಾಜರಿ ಕೂಗಿದಾಗ "ಅಪ್ಪನ ಬದಲಿ ಹಾಜರ್ ಸಾರ್" ಎಂದಳು. ಮೇಷ್ಟ್ರು ಏನೂ ಕೇಳಲಿಲ್ಲ. ಸುದ್ದಿ ಹರಡಿತು. ತಿಂಗಳೊಳಗೆ ತರಗತಿಯ ನಲವತ್ತರಲ್ಲಿ ಮೂವತ್ತನಾಲ್ಕು ಮಕ್ಕಳ ಅಪ್ಪ, ಅಮ್ಮ, ಸೋದರಮಾವಂದಿರಿಗೆ ಹೊಟ್ಟೆನೋವು ಬಂದು, ಆ ಮಕ್ಕಳೆಲ್ಲ ಅವರ ಬದಲಿಗೆ ಕೂತರು. ಬೆಂಚು ಬಡಿಯಲು ಆರೇ ಜನ ಉಳಿದರು. ಅವರಿಗೂ ಬೇಸರ ಬಂತು. ಹಾಜರಾತಿ ನೂರಕ್ಕೆ ನೂರಾಗಿ, ಸಮಿತಿಗೆ ಇನ್ನೊಂದು ಮೇಜು ಮಂಜೂರಾಯಿತು.

ವರ್ಷದ ಕೊನೆಗೆ ಅಪ್ಪ ಮೊದಲ ದರ್ಜೆಯಲ್ಲಿ ಪಾಸಾದರು.

"ಎಂಟನೇ ಕ್ಲಾಸಿನ ಸಮವಸ್ತ್ರ ಯಾರ ಅಳತೆಗೆ ಹೊಲಿಸೋದು ಸಾರ್?" ಎಂದು ಅಮ್ಮ ವಿಚಾರಿಸಿದರು.

"ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರ ಅಳತೆಗೆ."

ದರ್ಜಿ ಅಪ್ಪನ ಸೊಂಟಕ್ಕೆ ಟೇಪು ಸುತ್ತಿ, ನಲವತ್ತು ಎಂದು ಬರೆದುಕೊಂಡ. "ಲಂಗ ಮೊಣಕಾಲಿಗಾ ಸ್ವಾಮಿ, ಕೆಳಗಾ?"

"ಮೊಣಕಾಲಿಗೇ ಇರಲಿ" ಎಂದರು ಅಪ್ಪ, ನೆಟ್ಟಗೆ ನಿಂತು. "ಬೆಳೆಯೋ ವಯಸ್ಸು ಅಂತ ಸ್ವಲ್ಪ ಬಟ್ಟೆ ಒಳಗೆ ಬಿಟ್ಟಿರಪ್ಪ."