ವಾಕ್ ಸ್ವಾತಂತ್ರ್ಯವೂ ನಮ್ಮತ್ತೆಯೂ

ಮಾತಿನ ಸ್ವಾತಂತ್ರ್ಯದ ಬಗ್ಗೆ ನನ್ನಷ್ಟು ಅಧಿಕಾರದಿಂದ ಮಾತನಾಡಬಲ್ಲವರು ಕೊಳ್ಳೇಗಾಲದಲ್ಲಿ ಇನ್ನೊಬ್ಬರಿಲ್ಲ. ಇದು ಜಂಬವಲ್ಲ, ಆ ವಿಷಯದ ಮೇಲೆ ಬೇರೆ ಯಾರಿಗೂ ಮಾತನಾಡಲು ನಾನು ಅವಕಾಶ ಕೊಟ್ಟಿಲ್ಲ, ಅಷ್ಟೆ. ಕಾಲೇಜಿನಲ್ಲಿ ಪಾಠ ಹೇಳುವ ನಾನು ರಜಾ ದಿನಗಳಲ್ಲಿ ಒಂದು ಪ್ರೊಜೆಕ್ಟರು, ಪರದೆಗೆಂದು ಒಂದು ಬಿಳಿ ಪಂಚೆ ಹೊತ್ತು ಯಳಂದೂರು, ಹನೂರು ಎಂದು ತಿರುಗಿ ಸಾಕ್ಷ್ಯಚಿತ್ರ ತೋರಿಸುತ್ತೇನೆ. ಬಾಯಿ ಮುಚ್ಚಿಸುವವರು, ಮುಚ್ಚಿಸಿದರೂ ಸುಮ್ಮನಾಗದವರು, ಎಷ್ಟು ಮಾತಾಡಿದರೆ ಹೆಚ್ಚಾಯಿತೆಂದು ತೀರ್ಮಾನಿಸುವವರು, ಇವರದೇ ಕಥೆಗಳು. ಚಿತ್ರ ಮುಗಿದ ಮೇಲೆ ಚರ್ಚೆ. ಚರ್ಚೆಯೆಂದರೆ ನಾನು ಮಾತನಾಡುವುದು, ಉಳಿದವರು ಚಪ್ಪಲಿ ಹುಡುಕುವುದು.

ಇಂಥ ನನಗೆ ಮನೆಯೊಳಗೇ ಒಂದು ಕೊರಗಿತ್ತು. ನಮ್ಮತ್ತೆ ನನ್ನೊಡನೆ ಮಾತಾಡುತ್ತಿರಲಿಲ್ಲ. ಜಗಳವೇನಲ್ಲ, ಅಳಿಯನೆದುರು ನಿಂತು ಮಾತಾಡಬಾರದೆಂಬ ಹಳೆಯ ಮರ್ಯಾದೆ. ಕೌದಳ್ಳಿಯ ಅವರ ಮನೆಯಲ್ಲಿ ಊಟಕ್ಕೆ ಕೂತರೆ ಅಡುಗೆಮನೆಯಿಂದ "ಇನ್ನೊಂದ್ ಮುದ್ದೆ ಬೇಕಾ ಕೇಳವ್ವ" ಎಂಬ ದನಿ ಬರುತ್ತದೆ. ನನ್ನ ಹೆಂಡತಿ ನಾಗಮಣಿ "ಇನ್ನೊಂದ್ ಮುದ್ದೆ ಬೇಕಾ ಅಂತವ್ರೆ" ಎನ್ನುತ್ತಾಳೆ. ನಾನು ಸಾಕೆಂದು ಕೂಗಿ ಹೇಳಿದರೂ ಅತ್ತೆ, ಮಗಳು ಬಂದು ತಿಳಿಸುವ ತನಕ ಕಾಯುತ್ತಾರೆ. ಊರವರ ಬಾಯಿ ಬಿಡಿಸಲು ಹೊರಟವನಿಗೆ ಸ್ವಂತ ಅತ್ತೆಯ ಬಾಯಿ ಬಿಡಿಸಲಾಗಲಿಲ್ಲವೆಂದರೆ ಏನು ಬಂತು? ನನಗೆ ನಿಜಕ್ಕೂ ಬೇಜಾರಾಗುತ್ತಿತ್ತು. ಒಂದು ಒಳ್ಳೆಯ ಚಿತ್ರ ನೋಡಿದರೆ ಅವರಿಗೂ ಧೈರ್ಯ ಬಂದೀತು ಎಂದು ಪ್ರೊಜೆಕ್ಟರನ್ನು ಅವರ ಮನೆಯಂಗಳಕ್ಕೇ ಸಾಗಿಸಿದೆ.

'ವಾಕ್ ಸ್ವಾತಂತ್ರ್ಯ ಮತ್ತು ಅದರ ಮಿತಿ' ಎಂದು ನನ್ನ ಭಾಮೈದ ಬೀದಿ ಬೀದಿಯಲ್ಲಿ ಸಾರಿದ. ಸಂಜೆ ಅಂಗಳ ತುಂಬಿತು. ಬಂದವರಲ್ಲಿ ಸಕ್ಕರೆ ಕಾಯಿಲೆಯವರೇ ಹೆಚ್ಚೆಂಬುದು ವಿಚಿತ್ರವೆನಿಸಿದರೂ ಜನ ಸೇರಿದ ಖುಷಿಯಲ್ಲಿ ನಾನು ಕಾರಣ ಹುಡುಕಲಿಲ್ಲ. ಚಿತ್ರ ಮುಗಿಯಿತು. "ಈಗ ನೀವು ಮಾತಾಡಿ" ಎಂದೆ. ಎಂದೂ ಇಲ್ಲದ್ದು ಅಂದು ನಡೆಯಿತು. ಮುದುಕರೊಬ್ಬರು ಎದ್ದು ನಿಂತರು.

"ಸಾ, ಡಾಕ್ಟ್ರು ದಿನಾ ವಾಕ್ ಮಾಡು ಅಂದವ್ರೆ. ಒತ್ತಾರೆ ಓಗನಾ ಅಂದ್ರೆ ಆನೆ ಬುಡದಿಲ್ಲ, ಸಂದೇಲಿ ಓಗನಾ ಅಂದ್ರೆ ಎಡ್ತಿ ಬುಡದಿಲ್ಲ. ಇದ್ಕೆ ಏನ್ ಸ್ವಾತಂತ್ರ್ಯ ಕೊಡ್ತೀರಿ?"

ನನ್ನ ವಾಕ್ಕು ಅವರಿಗೆ ಕಾಲ್ನಡಿಗೆಯಾಗಿತ್ತು! ತಿದ್ದುವಷ್ಟರಲ್ಲಿ ಇನ್ನೊಬ್ಬರೆದ್ದು ಬೀದಿ ದೀಪದ ವಿಷಯ ಎತ್ತಿದರು. ಹೆಂಗಸೊಬ್ಬಳು, ಹೆಣ್ಣುಮಕ್ಕಳು ಸುಮ್ಮನೆ ನಡೆದರೂ ಎಲ್ಲಿಗೆ ಎಂದು ಕೇಳುತ್ತಾರಲ್ಲ, ಗಂಡಸರನ್ನು ಯಾರು ಕೇಳುತ್ತಾರೆ ಎಂದಳು. ಅಂಗಳಕ್ಕೆ ಅಂಗಳವೇ ಮಾತಿಗಿಳಿಯಿತು. ನಾನು ಕೈಯೆತ್ತಿ, "ಅದಲ್ಲ ವಿಷಯ, ಕೂತ್ಕೊಳ್ಳಿ, ಎಲ್ಲರೂ ಕೂತ್ಕೊಳ್ಳಿ" ಎಂದು ಗಂಟಲು ಹರಿದುಕೊಳ್ಳುತ್ತಿದ್ದೆ.

ಆಗ ಬಾಗಿಲ ಮರೆಯಿಂದ ಅತ್ತೆ ಹೊರಗೆ ಬಂದರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, ಮೊದಲ ಬಾರಿಗೆ ನನ್ನ ಮುಖ ನೋಡಿ ಹೇಳಿದರು:

"ಅಳಿಯಂದ್ರೇ, ಮಾತಾಡಿ ಅಂತ ಜನ ಸೇರ್ಸುದ್ರಿ. ಮಾತಾಡುದ್ರೆ ಅದಲ್ಲ ಅಂತೀರಿ. ನೀವೇ ವಸಿ ಸುಮ್ಕೆ ಕೂತ್ಕಳಿ."

ಕೂತೆ. ಆಮೇಲೆ ಚರ್ಚೆ ಬಹಳ ಚೆನ್ನಾಗಿ ನಡೆಯಿತು. ಅಷ್ಟು ಚೆನ್ನಾಗಿ ನಡೆದದ್ದು ನನಗೆ ಸ್ವಲ್ಪವೂ ಹಿಡಿಸಲಿಲ್ಲ.

ವಾಪಸು ಬರುವಾಗ ಬಸ್ಸಿನಲ್ಲಿ ತಡೆಯಲಾರದೆ ನಾಗಮಣಿಗೆ ಹೇಳಿದೆ: "ಎಲ್ಲರೆದುರು ನಿಮ್ಮಮ್ಮ ಹಾಗೆ ಅನ್ನಬಾರದಿತ್ತು. ಮಾತಾಡಲಿ, ಬೇಡ ಅನ್ನಲ್ಲ. ಆದರೆ ಯಾರ ಹತ್ತಿರ, ಎಲ್ಲಿ, ಎಷ್ಟು ಅನ್ನೋದಕ್ಕೆ ಒಂದು ಮಿತಿ ಬೇಡವೇ?"

ಅವಳು ಕಿಟಕಿಯಿಂದ ಮುಖ ತಿರುಗಿಸಿ ನನ್ನನ್ನೇ ನೋಡಿದಳು.

"ಓ, ಪಿಚ್ಚರ್‌ನಲ್ಲಿ ಅಷ್ಟೊತ್ತು ಯೋಳ್ತಿದ್ದುದ್ದು ಇದ್ನೇಯಾ? ಈಗ ಅರ್ಥ ಆಯ್ತು ಬುಡಿ."