ಡಬ್ಬಗಳಿಗೆ ಬೊಟ್ಟಿಟ್ಟು ಕೆಟ್ಟೆ

ಪೊಟ್ಟಣದ ಹಿಂಭಾಗವನ್ನು ಓದುವ ಅಭ್ಯಾಸ ನನಗೆ ಮೊದಲಿನಿಂದಲೂ ಇದೆ. ಬಿಸ್ಕತ್ತು ತಿನ್ನುವವರು ತಿನ್ನಲಿ, ಅದರಲ್ಲಿ ಏನಿದೆ ಎಂದು ತಿಳಿದವನು ನಮ್ಮ ಮನೆಯಲ್ಲಿ ನಾನೊಬ್ಬನೇ ಎಂಬ ಧೈರ್ಯ ನನ್ನದು. ಹಾಗಾಗಿ ನಮ್ಮ ಜೊತೆಗೇ ಇರುವ ಮಾವನವರ ಸಕ್ಕರೆ ಕಾಯಿಲೆ ಏರಿದಾಗ ನಾನು ಸ್ವಲ್ಪವೂ ಹೆದರಲಿಲ್ಲ. ಹೆದರಿದವರು ಮಾವ.

ವಿಜಯನಗರದ ಡಾಕ್ಟರು ಒಂದು ತಿಂಗಳ ಗಡುವು ಕೊಟ್ಟಿದ್ದರು. ಅಷ್ಟರಲ್ಲಿ ಸಕ್ಕರೆ ಇಳಿಯದಿದ್ದರೆ ದಿನಾ ಇನ್ಸುಲಿನ್ ಇಂಜೆಕ್ಷನ್. ಮಾವ ಕಾರ್ಖಾನೆಯಲ್ಲಿ ಮೂವತ್ತು ವರ್ಷ ಲೇಥ್ ಮೆಷಿನ್ ಓಡಿಸಿದವರು, ಆದರೆ ಸೂಜಿ ಕಂಡರೆ ಕೈಕಾಲು ತಣ್ಣಗಾಗುತ್ತದೆ. ಹೊರಗೆ ಬಂದವರೇ ನನ್ನ ಕೈ ಹಿಡಿದುಕೊಂಡರು.

"ಅಳಿಯಂದ್ರೇ, ನೀವು ತಿನ್ನಿ ಅಂದಿದ್ದು ತಿಂತೀನಿ, ಬೇಡ ಅಂದಿದ್ದು ಬಿಡ್ತೀನಿ. ಈ ಸೂಜಿ ಒಂದು ತಪ್ಪಿಸಿ."

ನಾನು ಮಾತು ಕೊಟ್ಟೆ.

ಅಂದೇ ಸಂಜೆ ಸೂಪರ್ ಮಾರ್ಕೆಟ್ಟಿಗೆ ಹೋಗಿ ಒಂದೊಂದು ಪೊಟ್ಟಣವನ್ನೂ ತಿರುಗಿಸಿ ಓದಿದೆ. ಮುಂಭಾಗದಲ್ಲಿ ಓಡುತ್ತಿರುವ ಹೆಂಗಸು, ಗೋಧಿ ತೆನೆ, ದೊಡ್ಡದೊಂದು ಹೃದಯ. ಹಿಂಭಾಗದಲ್ಲಿ ಇರುವೆ ಸಾಲಿನಂಥ ಅಕ್ಷರ. ನೂರು ಗ್ರಾಮಿಗೆ ಇಷ್ಟು ಎಂದು ಬರೆದಿದ್ದರು. ಮಾವ ತಿನ್ನುವುದು ನೂರು ಗ್ರಾಮೋ ಎರಡು ಬಿಸ್ಕತ್ತೋ ಯಾರಿಗೆ ಗೊತ್ತು? ಅರ್ಧ ಗಂಟೆ ಓದಿದ ಮೇಲೆ ಮೊದಲು ಗೊತ್ತಿದ್ದದ್ದೂ ಮರೆತುಹೋಯಿತು. ಆಗ ಕಂಡಿತು ಹಸಿರು ಚುಕ್ಕಿ! ಪೊಟ್ಟಣಗಳ ಮೇಲೆ ಅದು ಹೊಸದಾಗಿ ಬರತೊಡಗಿದ್ದ ಕಾಲ. ಸಿಗ್ನಲ್ಲಿನಲ್ಲಿ ಹಸಿರು ಎಂದರೆ ಹೋಗು, ಇಲ್ಲಿ ಹಸಿರು ಎಂದರೆ ತಿನ್ನು! ಸರ್ಕಾರದ ಜಾಣತನಕ್ಕೆ ಮನಸ್ಸಿನಲ್ಲೇ ಕೈಮುಗಿದು ಹಸಿರು ಚುಕ್ಕಿಯ ಎಂಟು ಪೊಟ್ಟಣ ತಂದೆ.

ನನ್ನ ಹೆಂಡತಿ ಗಿರಿಜಾ ಚೀಲ ಬಿಚ್ಚಿ ಕ್ರೀಮ್ ಬಿಸ್ಕತ್ತು, ಸೋನ್ ಪಾಪಡಿ, ಜಾಮು ಎಲ್ಲವನ್ನೂ ಮೇಜಿನ ಮೇಲೆ ಸಾಲಾಗಿ ಇಟ್ಟಳು. ನಾನು ಚುಕ್ಕಿ ತೋರಿಸಿದೆ.

"ಅದು ಸಸ್ಯಾಹಾರ ಅಂತ ಕಣ್ರೀ" ಎಂದಳು. "ಸಕ್ಕರೆ ಯಾವತ್ತು ಮಾಂಸಾಹಾರ ಆಗಿತ್ತು?"

ಎಂಟೂ ಪೊಟ್ಟಣಗಳನ್ನು ನಾನು ಮತ್ತೆ ಚೀಲಕ್ಕೆ ತುಂಬಿದೆ.

ಇನ್ನು ಕಂಪನಿಯವರನ್ನು ನಂಬುವುದಿಲ್ಲ, ನಮ್ಮ ಮನೆಯ ಲೇಬಲ್ಲು ನಾನೇ ಮಾಡುತ್ತೇನೆ ಎಂದು ಪಣ ತೊಟ್ಟೆ. ಎಚ್ಚರಿಕೆ ಎಂದರೆ ಕೆಂಪಗಿರಬೇಕು, ದುಂಡಗಿರಬೇಕು, ಎದ್ದು ಕಾಣಬೇಕು. ಗಿರಿಜಾಳ ಕನ್ನಡಿಗೆ ಅಂಟಿದ್ದ ಸ್ಟಿಕ್ಕರ್ ಬೊಟ್ಟುಗಳು ಕಣ್ಣಿಗೆ ಬಿದ್ದವು. ಸಕ್ಕರೆ, ಬೆಲ್ಲ, ರವೆ ಉಂಡೆ, ಕೋಡುಬಳೆ, ತುಪ್ಪ ಹೀಗೆ ಮಾವ ಮುಟ್ಟಬಾರದ ಡಬ್ಬಕ್ಕೆಲ್ಲ ಒಂದೊಂದು ಬೊಟ್ಟು ಅಂಟಿಸಿದೆ. ಓಟ್ಸಿಗೂ ಹುರಿಗಡಲೆಗೂ ಏನೂ ಇಲ್ಲ. ಅಪ್ಪನಿಗೆ ಒಂದು ಮಾತು ಹೇಳಿಬಿಡಿ ಎಂದು ಗಿರಿಜಾ ಅಂದಳು. ಬಾಯಿಬಿಟ್ಟು ಹೇಳಬೇಕಾದರೆ ಅದು ಲೇಬಲ್ಲೇ ಅಲ್ಲ ಎಂದು ನಾನು ಗಂಭೀರವಾಗಿ ತಿಳಿಸಿದೆ. ಅದು ಶುಕ್ರವಾರ ಬೆಳಿಗ್ಗೆ. ಅವಳು ಪೂಜೆ ಮುಗಿಸಿ ಪಾಠ ಮಾಡಲು ಶಾಲೆಗೆ ಹೋದಳು, ನಾನು ರಾಜಾಜಿನಗರದ ಆಫೀಸಿಗೆ ಹೋದೆ. ಮನೆಯಲ್ಲಿ ಮಾವ ಒಬ್ಬರೇ.

ವಾರ ಕಳೆಯಿತು. ರವೆ ಉಂಡೆ ಅರ್ಧಕ್ಕೆ ಇಳಿದಿತ್ತು, ಓಟ್ಸ್ ಇದ್ದಷ್ಟೇ ಇತ್ತು. ನನಗೆ ತಲೆಬುಡ ಅರ್ಥವಾಗಲಿಲ್ಲ. ಕೊನೆಗೆ, ಮಾವನಿಗೆ ಕಣ್ಣು ಮಂಜಾಗಿದೆ, ಬೊಟ್ಟಿನ ಗಾತ್ರ ಸಾಲದು ಎಂದು ತೀರ್ಮಾನಿಸಿದೆ. ಬಳೆ ಅಂಗಡಿಗೆ ಹೋಗಿ ಎಲ್ಲಕ್ಕಿಂತ ದೊಡ್ಡ ಬೊಟ್ಟು ಕೇಳಿದೆ. ಇಟ್ಟುಕೊಳ್ಳುವವರ ಮುಖ ದುಂಡಗೋ ಉದ್ದವೋ ಎಂದು ಅಂಗಡಿಯಾಕೆ ವಿಚಾರಿಸಿದಳು. ದುಂಡಗೆ, ಸ್ಟೀಲಿನದು ಎಂದೆ. ಆಕೆ ಬೊಟ್ಟಿನ ಹಾಳೆ ಕೊಟ್ಟು ಬೇಗ ಬೇಗ ಚಿಲ್ಲರೆ ಎಣಿಸಿದಳು.

ಡಬ್ಬಕ್ಕೆ ಮೂರು ಮೂರು ಬೊಟ್ಟು ಬಿದ್ದವು. ಅಪಾಯ ಜಾಸ್ತಿ ಎಂದು ತುಪ್ಪಕ್ಕೆ ಐದು. ಮುಂದಿನ ವಾರ ನೋಡಿದರೆ ತುಪ್ಪದ ಡಬ್ಬ ತೊಳೆದಿಟ್ಟ ಹಾಗಿತ್ತು! ಅಡುಗೆಗೆ ಮುಗಿದಿರಬೇಕು ಎಂದುಕೊಂಡು ಮತ್ತೆ ತುಂಬಿಸಿದೆ.

ತಿಂಗಳಾಯಿತು. ರಿಪೋರ್ಟು ನೋಡಿದ ಡಾಕ್ಟರು ಕನ್ನಡಕ ತೆಗೆದಿಟ್ಟರು. ಸಕ್ಕರೆ ಇಳಿಯುವುದಿರಲಿ, ಇನ್ನಷ್ಟು ಏರಿತ್ತು. ಏನು ತಿಂದಿರಿ ಎಂದು ಕೇಳಿದರು. ಮಾವ ನೆಟ್ಟಗೆ ಕೂತರು.

"ಅಳಿಯಂದ್ರು ಬೊಟ್ಟಿಟ್ಟಿದ್ದನ್ನ ಬಿಟ್ಟು ಬೇರೆ ಏನೂ ಮುಟ್ಟಿಲ್ಲ ಸಾರ್. ಶುಕ್ರವಾರ ಪೂಜೆ ಆಗಿ ದೇವರಿಗೆ ತೋರಿಸಿದ ಡಬ್ಬಕ್ಕೆಲ್ಲ ಕುಂಕುಮ ಇಟ್ಟಿದ್ರು. ಪ್ರಸಾದ ಬೇಡ ಅನ್ನೋಕಾಗುತ್ತಾ? ಕಣ್ಣಿಗೊತ್ತಿಕೊಂಡು ತಿಂದೆ. ಮೂರು ಬೊಟ್ಟು ಬಂದ ಮೇಲೆ ದಿನಕ್ಕೆ ಮೂರು ಸಲ ತಿಂದೆ." ಹೊಟ್ಟೆ ಸವರಿಕೊಂಡು, "ತುಪ್ಪ ಐದು ಸಲ ಕುಡಿಯೋದು ಮಾತ್ರ ಕಷ್ಟ ಆಯ್ತು" ಎಂದರು.

ಡಾಕ್ಟರು ನನ್ನನ್ನು ನೋಡಿದರು. ಗಿರಿಜಾ ಗೋಡೆಯನ್ನು ನೋಡಿದಳು. ಆಯುಧಪೂಜೆಯ ದಿನ ಸ್ಕೂಟರಿನಿಂದ ಹಿಡಿದು ಮಿಕ್ಸಿಯವರೆಗೆ ನಾನೇ ಕುಂಕುಮ ಹಚ್ಚುತ್ತೇನೆ. ಕೆಂಪು ಬೊಟ್ಟು ಕಂಡು ಹೆದರುವ ಒಬ್ಬ ಮನುಷ್ಯ ನಮ್ಮ ಬೀದಿಯಲ್ಲಿ ಇದ್ದಾನೆಯೇ ಎಂದು ನಾನು ಒಂದು ಕ್ಷಣವೂ ಯೋಚಿಸಿರಲಿಲ್ಲ. ನನ್ನ ಮಾತು ನಂಬಿ ಆ ಮನುಷ್ಯ ತಿಂಗಳಿಡೀ ಕಷ್ಟಪಟ್ಟು ತುಪ್ಪ ಕುಡಿದಿದ್ದರು. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಡಾಕ್ಟರು ಇನ್ಸುಲಿನ್ ಬರೆದುಕೊಟ್ಟರು.

ಪ್ರಾಯಶ್ಚಿತ್ತಕ್ಕೆಂದು ಇಂಜೆಕ್ಷನ್ ಕೊಡುವ ಹೊಣೆಯನ್ನು ನಾನೇ ಹೊತ್ತುಕೊಂಡೆ. ನರ್ಸಮ್ಮ ಎರಡೆರಡು ಸಲ ಹೇಳಿಕೊಟ್ಟರು. ಮರುದಿನ ಬೆಳಿಗ್ಗೆ ಮಾವ ಕಣ್ಣು ಮುಚ್ಚಿ, ಹಲ್ಲು ಕಚ್ಚಿ, ದೇವರ ಹೆಸರು ಹೇಳುತ್ತಾ ಕೂತರು. ಮೊದಲನೆಯ ಸೂಜಿ ದಿಂಬಿಗೆ ಹೋಯಿತು. ಎರಡನೆಯದು ನನ್ನ ಹೆಬ್ಬೆರಳಿಗೆ! ಕೂಗಿದ್ದು ನಾನೇ.

ಮಾವ ಕಣ್ಣು ಬಿಟ್ಟರು.

"ಕೊಡಿ ಇಲ್ಲಿ ಅಳಿಯಂದ್ರೇ. ಸೂಜಿಗಿಂತ ನಿಮ್ಮನ್ನ ನೋಡಿದ್ರೇ ಜಾಸ್ತಿ ಭಯ ಆಗ್ತಿದೆ."

ಹೊಸ ಸಿರಿಂಜು ತೆಗೆದುಕೊಂಡು, ಹೊಟ್ಟೆಯ ಚರ್ಮ ಹಿಡಿದು, ತಾವೇ ಚುಚ್ಚಿಕೊಂಡರು. ಅಂದಿನಿಂದ ದಿನಾ ಅವರೇ ಚುಚ್ಚಿಕೊಳ್ಳುತ್ತಾರೆ. ಪಕ್ಕದಲ್ಲಿ ಹತ್ತಿ ಹಿಡಿದು ನಿಲ್ಲುವ ಕೆಲಸ ನನ್ನದು. ಆ ಹತ್ತಿಯನ್ನೂ ಗಿರಿಜಾ ಒಮ್ಮೆ ಪರೀಕ್ಷಿಸಿಯೇ ನನ್ನ ಕೈಗೆ ಕೊಡುತ್ತಾಳೆ.