ಒಂದು ನಂಬರಿಗೆ ಒಬ್ಬನೇ ವರ

"ಒಬ್ಬನೇ ಗಂಡನ್ನ ಒಂದೇ ಮನೆಗೆ ಮೂರು ಸಲ ತೋರಿಸಿದ್ದೀಯಲ್ಲೋ! ನನ್ನ ಮಾನ ಹೋಯ್ತು!"

ಪುಟ್ಟೇನಹಳ್ಳಿಯ ವಧೂವರರ ಕೇಂದ್ರದ ಒಡತಿ ಚೂಡಾಮಣಿ ಬೆಳಿಗ್ಗೆಯೇ ಸೋಮನಾಥನ ಮೇಲೆ ಹರಿಹಾಯ್ದರು. ಅಲ್ಲಿ ಕಂಪ್ಯೂಟರ್ ನೋಡಿಕೊಳ್ಳುವವನು ಅವನೊಬ್ಬನೇ. ಆ ವರನನ್ನು ಅಮ್ಮ ಒಮ್ಮೆ, ಸೋದರಮಾವ ಒಮ್ಮೆ, ಅಕ್ಕ ಒಮ್ಮೆ ಬಂದು ನೋಂದಾಯಿಸಿದ್ದರೆ ಪಾಪ, ಅವನೇನು ಮಾಡಿಯಾನು?

"ಈಗ್ಲೇ ಸರಿ ಮಾಡ್ತೀನಿ ಮೇಡಂ."

ಮಾಡಿಯೂ ಬಿಟ್ಟ, ಪುಣ್ಯಾತ್ಮ! ಇದ್ದ ಮೊಬೈಲ್ ನಂಬರೇ ಮತ್ತೆ ಬಂದರೆ ಕಂಪ್ಯೂಟರ್ ಇನ್ನೊಬ್ಬ ವರನನ್ನು ಸೇರಿಸಬಾರದು, ಹಳೆಯ ವಿವರವನ್ನೇ ತಿದ್ದಬೇಕು ಎಂದು ರೂಲ್ ಹಾಕಿದ. ಅವನಿಗೆ ಅವಸರ. ಸಿಬ್ಬಂದಿಗೆ ಪುಕ್ಕಟೆ ಎಂದು ತನ್ನ ಹೆಸರು, ನಂಬರನ್ನೂ ಸೇರಿಸಿದ್ದ. ಮೂವತ್ತಾರು ದಾಟಿದ ಮೇಲೆ ಮೊದಲ ಸಲ ಒಬ್ಬಳು, ಶಿಲ್ಪಶ್ರೀ ಎಂಬಾಕೆ, ಒಪ್ಪಿ ಮಧ್ಯಾಹ್ನ ಮಾತಿಗೆ ಬರುವವಳಿದ್ದಳು.

ಅಷ್ಟರಲ್ಲಿ ನಿವೃತ್ತ ಮೇಷ್ಟ್ರು ಶಾಂತವೀರಪ್ಪ ಬಂದರು. "ಹೆಂಡ್ತಿ ಹೋದ್ಮೇಲೆ ಮನೇಲಿ ಮಾತಿಗೂ ಜನ ಇಲ್ಲಪ್ಪ. ನನಗೂ ಒಬ್ರನ್ನ ನೋಡು. ಮೊಬೈಲು ರಿಪೇರಿಗೆ ಕೊಟ್ಟಿದ್ದೀನಿ, ನಂಬರ್ ನೆನಪಿಲ್ಲ."

"ಸದ್ಯಕ್ಕೆ ನನ್ನದೇ ಹಾಕಿರ್ತೀನಿ ಬಿಡಿ ಸಾರ್," ಎಂದು ಸೋಮನಾಥ ವಿವರ ತುಂಬಿ, ತಲೆ ಬಾಚಿಕೊಳ್ಳಲು ಎದ್ದ. ಅಯ್ಯೋ, ಒಂದು ಸಲ ಪರದೆ ನೋಡಬಾರದಿತ್ತೆ! ಮೇಷ್ಟ್ರು ಮನೆಗೆ ಹೋಗಲು ಬೇಸರವಾಗಿ ಅಲ್ಲೇ ಬೆಂಚಿನ ಮೇಲೆ ಕೂತರು.

ಮಧ್ಯಾಹ್ನ ಶಿಲ್ಪಶ್ರೀ ಬಂದಳು. ಜೊತೆಗೆ ಅವಳ ವಿಧವೆ ಸೋದರತ್ತೆ ನೀಲಗಂಗಮ್ಮ. ಚೂಡಾಮಣಿ ನಗುನಗುತ್ತಾ ಪರದೆಯನ್ನು ಅವರತ್ತ ತಿರುಗಿಸಿದರು.

ಫೋಟೋ ಸೋಮನಾಥನದೇ. ಕೆಳಗೆ: ಶಾಂತವೀರಪ್ಪ, ಅರವತ್ತೊಂದು ವರ್ಷ, ವಿಧುರ.

"ಶಿವನೇ!" ಶಿಲ್ಪಶ್ರೀ ಎದೆ ಹಿಡಿದುಕೊಂಡಳು. "ಮೊಮ್ಮಕ್ಕಳು ಬೇರೆ ಇದ್ದಾರಾ ನಿಮಗೆ?"

"ಅಯ್ಯಯ್ಯೋ, ಅದು ನಾನಲ್ಲ!"

"ಅದು ನಾನು," ಎಂದು ಮೇಷ್ಟ್ರು ಬೆಂಚಿನಿಂದ ಎದ್ದು ನಿಂತರು.

ನೀಲಗಂಗಮ್ಮ ಮೇಷ್ಟ್ರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಮಾತು ಶುರುವಾಯಿತು. ಕಾಫಿ ಮುಗಿಯುವಷ್ಟರಲ್ಲಿ ಇಬ್ಬರೂ ಒಪ್ಪಿಕೊಂಡೇ ಬಿಟ್ಟರು!

"ಮತ್ತೆ ನಮ್ದು?" ಎಂದ ಸೋಮನಾಥ.

"ಕಂಪ್ಯೂಟರಲ್ಲಿ ನಿಮ್ಮನ್ನೇ ನೀವು ನೋಡ್ಕೊಂಡಿಲ್ಲ. ನನ್ನನ್ನೇನು ನೋಡ್ಕೋತೀರಾ?" ಎಂದು ಶಿಲ್ಪಶ್ರೀ ಅತ್ತೆಯ ಕೈ ಹಿಡಿದು ಹೊರಟಳು.

ಚೂಡಾಮಣಿಗೆ ಹಿಡಿಸಲಾರದಷ್ಟು ಖುಷಿ. "ಸಖತ್ ರೂಲ್ ಕಣೋ!" ಎನ್ನುತ್ತಾ ಅದೇ ಪುಟದಲ್ಲಿ ನೀಲಗಂಗಮ್ಮನ ಹೆಸರು, ವಯಸ್ಸು ತುಂಬಿ 'ಮದುವೆ ನಿಶ್ಚಯ' ಒತ್ತಿದರು. ವರನ ಮನೆಯವರಿಗೆ ಅಭಿನಂದನೆಯ ಮೆಸೇಜ್ ತಾನಾಗಿಯೇ ಹೋಯಿತು. ಮೇಷ್ಟ್ರು ಮನೆಯವರ ನಂಬರ್ ಕೊಟ್ಟಿರಲಿಲ್ಲ. ಹಳೆಯದು ಹಾಗೇ ಇತ್ತು.

ಸೋಮನಾಥನ ಫೋನ್ ಬಡಿದುಕೊಂಡಿತು. ಅಮ್ಮ.

"ಲೋ, ಯಾರೋ ಈ ನೀಲಗಂಗಮ್ಮ? ಐವತ್ತೆಂಟು ವರ್ಷನಂತೆ! ಸೊಸೇನ ನಾನು ಅಕ್ಕ ಅಂತ ಕರೀಬೇಕೇನೋ?"